ಕಬ್ಬಿಣದ ಅಂಗಿಯ ಅಳತೆ

ಸೋಮವಾರ, ಲಂಡನ್

ಹೀತ್ರೋದಿಂದ ಹೊರಗೆ ಬಂದಾಗ ಪುಟ್ಟ ಕೈಯಲ್ಲಿ ಎರಡು ಕಾಫಿ ಹಿಡಿದು ನಿಂತಿದ್ದ. ಪುಟ್ಟ ನನ್ನ ಅಕ್ಕನ ಮಗ. ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಮೂವತ್ತು ದಾಟಿದೆ. ಆದರೂ ಮನೆಯಲ್ಲಿ ಎಲ್ಲರಿಗೂ ಪುಟ್ಟನೇ. ನಾಲ್ಕು ವರ್ಷದಿಂದ ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಅವನು 15ನೇ ಶತಮಾನದ ಸೈನಿಕ. ಹಳೇ ಯುದ್ಧಗಳನ್ನು ಅವು ನಡೆದ ಊರಿನಲ್ಲೇ, ಆ ಕಾಲದ ಬಟ್ಟೆ ಕವಚ ತೊಟ್ಟು ಆಡಿ ತೋರಿಸುವ ಗುಂಪುಗಳು ಇಂಗ್ಲೆಂಡಿನಲ್ಲಿ ತುಂಬಾ ಇವೆ. ಅಂಥ ಒಂದು ಗುಂಪಿಗೆ ಇವನು ಸೇರಿದ್ದಾನೆ. ಅವನು ಫೋಟೊ ಕಳಿಸಿದಾಗಲೆಲ್ಲ ನಾನು ಮೊದಲು ನೋಡುತ್ತಿದ್ದುದು ಅವನ ಮೊಣಕಾಲಿನ ತಗಡು, ಆಮೇಲೆ ಮುಖ.

ತಗಡು ನನ್ನ ಅನ್ನ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೀಟ್ ಮೆಟಲ್ ವರ್ಕ್‌ಶಾಪ್ ಇದೆ. ಪ್ಯಾನಲ್ ಬಾಕ್ಸು, ಡಕ್ಟು, ಮಷೀನುಗಳ ಕವರ್ರು ಮಾಡಿಕೊಡುತ್ತೇವೆ. ನನ್ನ ತಾತ ನಾಗಮಂಗಲದಲ್ಲಿ ತಾಮ್ರ, ಹಿತ್ತಾಳೆ ಪಾತ್ರೆ ಬಡಿಯುತ್ತಿದ್ದರು. ನಾನು ಬೆಂಡಿಂಗ್ ಮಷೀನಿನಲ್ಲಿ ತಗಡನ್ನು ನೆಟ್ಟಗೆ ಮಡಚುತ್ತೇನೆ. ತಾತ ಸುತ್ತಿಗೆಯಿಂದ ಅದನ್ನು ದುಂಡಗೆ ಮಾಡುತ್ತಿದ್ದರು. ಆ ವಿದ್ಯೆ ನಮ್ಮ ಮನೆಯಲ್ಲಿ ಅವರಿಗೇ ಕೊನೆಯಾಯಿತು. ಮನುಷ್ಯನ ಮೈಮೇಲೆ ಕೂರುವ ಹಾಗೆ ಉಕ್ಕು ಬಡಿಯುವವರನ್ನು ಒಂದು ಸಲ ಹತ್ತಿರದಿಂದ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

"ಮಾವ, ಸುಸ್ತಾಗಿದ್ರೆ ಸೀದಾ ಲೀಡ್ಸ್‌ಗೆ ಹೋಗೋಣ. ಇಲ್ಲಾಂದ್ರೆ ಇಲ್ಲೇ ಒಂದು ಜಾಗ ಇದೆ, ನೋಡ್ಕೊಂಡು ಹೋಗ್ಬಹುದು," ಅಂದ. ನೋಡಿಕೊಂಡೇ ಹೋಗೋಣ ಅಂದೆ.

ಆ ಜಾಗ ವಾಲೇಸ್ ಕಲೆಕ್ಷನ್. ಬಾಂಡ್ ಸ್ಟ್ರೀಟ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರ. ದೊಡ್ಡ ಬಂಗಲೆ, ಒಳಗೆ ಹೋಗಲು ದುಡ್ಡಿಲ್ಲ. ಮೇಲೆ ಚಿತ್ರಗಳು, ಕೆಳಗೆ ಆಯುಧ ಮತ್ತು ಕವಚ. ಅಲ್ಲಿ ಕುದುರೆ ಸಮೇತ ನಿಂತಿರುವ ಒಬ್ಬ ಸವಾರ ಇದ್ದಾನೆ. 1480ರ ಸುಮಾರಿಗೆ ದಕ್ಷಿಣ ಜರ್ಮನಿಯ ಲ್ಯಾಂಡ್ಸ್‌ಹೂಟ್‌ನಲ್ಲಿ ಮಾಡಿದ ಕವಚ. ಅದರ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ.

ತಗಡಿನ ಮೇಲೆಲ್ಲ ಬೀಸಣಿಗೆ ಬಿಚ್ಚಿದ ಹಾಗೆ ಗೆರೆಗಳು. ಅಲಂಕಾರ ಅಂತ ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಅಲಂಕಾರ ಹೌದು, ಆದರೆ ಅಷ್ಟೇ ಅಲ್ಲ. ನಮ್ಮ ಕೆಲಸದಲ್ಲಿ ತೆಳು ತಗಡು ಅಲ್ಲಾಡಬಾರದು ಅಂದರೆ ಅದರ ಮೇಲೆ ಒಂದು ಉಬ್ಬುಗೆರೆ ಒತ್ತುತ್ತೇವೆ. ತೂಕ ಏರುವುದಿಲ್ಲ, ಬಿಗಿ ಬರುತ್ತದೆ. ಐನೂರು ವರ್ಷದ ಹಿಂದೆ ಪ್ರೆಸ್ ಇಲ್ಲದೆ ಬರೀ ಸುತ್ತಿಗೆಯಿಂದ ಅದೇ ಕೆಲಸ ಮಾಡಿದ್ದಾರೆ. ಆ ಗೆರೆಗಳು ತೋಳಿನ ಮೇಲೆ ಹರಿದು ಮೊಣಕೈ ಹತ್ತಿರ ಬಂದು ಸೇರುವ ರೀತಿ ನೋಡಿ ನನಗೆ ಮಾತೇ ಹೊರಡಲಿಲ್ಲ.

ಸಂಜೆ ಕಿಂಗ್ಸ್ ಕ್ರಾಸ್‌ನಿಂದ ರೈಲು. ಲೀಡ್ಸ್ ಬರುವವರೆಗೂ ನಿದ್ದೆ.

ಮಂಗಳವಾರ, ಲೀಡ್ಸ್

ಲೀಡ್ಸ್‌ನಲ್ಲಿ ನೀರಿನ ದಡದಲ್ಲೇ ರಾಯಲ್ ಆರ್ಮರೀಸ್ ಮ್ಯೂಸಿಯಂ ಇದೆ. ಲಂಡನ್ ಟವರ್‌ನಲ್ಲಿದ್ದ ಸಂಗ್ರಹದ ದೊಡ್ಡ ಭಾಗವನ್ನು ಇಲ್ಲಿಗೆ ತಂದು 1996ರಲ್ಲಿ ತೆರೆದರು. ಇಲ್ಲೂ ಪುಕ್ಕಟೆ.

ಮೊದಲು ನೋಡಿದ್ದು ಆನೆ. ಆಳೆತ್ತರದ ಗೊಂಬೆ ಆನೆಯ ಮೇಲೆ ನಮ್ಮ ದೇಶದ ಆನೆಗವಚ. ಮೊಘಲರ ಕಾಲದ್ದು, ಸುಮಾರು 1600ರದು. ಅಂಗೈಗಿಂತ ಚಿಕ್ಕ ಉಕ್ಕಿನ ತಗಡುಗಳನ್ನು ಕಬ್ಬಿಣದ ಉಂಗುರಗಳಿಂದ ಒಂದಕ್ಕೊಂದು ಹೆಣೆದಿದ್ದಾರೆ. ಈಗ ಉಳಿದಿರುವ ತಗಡುಗಳೇ 5,840. ಬಲಗಡೆಯ ಕೆಲವು ಭಾಗ ಕಳೆದುಹೋಗಿಯೂ 118 ಕೆಜಿ ತೂಗುತ್ತದೆ. ಇದನ್ನು ಇಲ್ಲಿಗೆ ತಂದವರು ಲೇಡಿ ಕ್ಲೈವ್. ಅವರ ಗಂಡ ಎಡ್ವರ್ಡ್ ಕ್ಲೈವ್ ಮದ್ರಾಸಿನ ಗವರ್ನರ್ ಆಗಿದ್ದಾಗಲೇ, 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದದ್ದು. ಟಿಪ್ಪುವಿನ ಡೇರೆ ಇವತ್ತಿಗೂ ವೇಲ್ಸ್‌ನಲ್ಲಿ ಅದೇ ಮನೆತನದ್ದಾಗಿದ್ದ ಪೊವಿಸ್ ಕೋಟೆಯಲ್ಲಿದೆ. ಮಂಡ್ಯ ಜಿಲ್ಲೆಯವನಾಗಿ ಆ ಆನೆಯ ಮುಂದೆ ನಿಂತಾಗ ಎದೆ ಭಾರವಾಯಿತು. ಆ ಸಾವಿರಾರು ತಗಡುಗಳಿಗೆ ತೂತು ಕೊರೆದವರ ಒಂದು ಹೆಸರೂ ಎಲ್ಲೂ ಉಳಿದಿಲ್ಲ.

ಆಮೇಲೆ ಎಂಟನೇ ಹೆನ್ರಿ ರಾಜನ ಕವಚ. 1520ರಲ್ಲಿ ಫ್ರಾನ್ಸಿನಲ್ಲಿ ನಡೆಯಲಿದ್ದ ದೊಡ್ಡ ಪಂದ್ಯಕ್ಕೆ ಅಂತ ಗ್ರೀನಿಚ್‌ನಲ್ಲಿ ಮಾಡಲು ಹಿಡಿದಿದ್ದು. ನೆಲದ ಮೇಲೆ ನಿಂತು ಹೊಡೆದಾಡುವುದಕ್ಕೆ. ನೆತ್ತಿಯಿಂದ ಬೆರಳ ತುದಿವರೆಗೆ ಒಂದು ಸಂದು ಕಾಣಿಸುವುದಿಲ್ಲ. ತೊಡೆಯ ಸಂದು, ಕಂಕುಳು, ಮೊಣಕಾಲಿನ ಹಿಂಭಾಗ, ಕುಂಡಿ, ಎಲ್ಲ ಕಡೆ ಒಂದರ ಮೇಲೊಂದು ಜಾರುವ ಪಟ್ಟಿಗಳು. ಸೀಗಡಿಯ ಬೆನ್ನು ನೋಡಿದ್ದೀರಲ್ವಾ, ಹಾಗೆ. ಕೊನೆ ಗಳಿಗೆಯಲ್ಲಿ ಪಂದ್ಯದ ನಿಯಮ ಬದಲಾಯಿತಂತೆ, ಕವಚ ಪೂರ್ತಿಯಾಗದೆ ಉಳಿಯಿತು. ಪಾಲಿಶ್ ಕಾಣದ ಅದರ ಮೈಮೇಲೆ ಕೆಲಸದ ಒರಟು ಹಾಗೇ ಇದೆ. ನನಗಂತೂ ಅದೇ ಇಷ್ಟವಾಯಿತು.

"ಇಷ್ಟೊಂದು ಹೊತ್ಕೊಂಡು ಓಡೋಕಾಗುತ್ತಾ?" ಅಂತ ಕೇಳಿದೆ.

ಪುಟ್ಟ ಒಂದು ಪ್ರಯೋಗದ ಕಥೆ ಹೇಳಿದ. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ಕವಚ ತೊಟ್ಟು ಅಭ್ಯಾಸವಿದ್ದ ನಾಲ್ಕು ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಅಳತೆ ಮಾಡಿದ್ದರು. ಕವಚ ಹಾಕಿಕೊಂಡು ನಡೆಯಲು ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕು. ಅಷ್ಟೇ ತೂಕವನ್ನು ಬೆನ್ನ ಮೇಲಿನ ಚೀಲದಲ್ಲಿ ಹೊತ್ತರೆ ಇಷ್ಟು ಆಯಾಸವಾಗುವುದಿಲ್ಲ. ಕಾರಣ ಕಾಲು. ಕಾಲಿಗೆ ಕಟ್ಟಿದ ಏಳೆಂಟು ಕೆಜಿಯನ್ನು ಹೆಜ್ಜೆ ಹೆಜ್ಜೆಗೂ ಬೀಸಬೇಕು. ಜೊತೆಗೆ ಎದೆ ತಗಡು ದೊಡ್ಡ ಉಸಿರು ಎಳೆಯಲು ಬಿಡುವುದಿಲ್ಲ.

ಬುಧವಾರ, ಶೆಫೀಲ್ಡ್

ಶೆಫೀಲ್ಡ್ ಉಕ್ಕಿನ ಊರು. ಚಾಕು, ಚೂರಿಗೆ ಹೆಸರಾದದ್ದು. ಅಲ್ಲಿ ಒಂದು ಇಟ್ಟಿಗೆ ಶೆಡ್ಡಿನಲ್ಲಿ ಎರಡು ದಿನದ ಕೆಲಸ ಕಲಿಯಲು ಪುಟ್ಟ ನನ್ನ ಹೆಸರು ಬರೆಸಿದ್ದ. ಕಲಿಸುವವರಿಗೆ ಅರವತ್ತೈದು ದಾಟಿದೆ. ಮೂವತ್ತು ವರ್ಷದಿಂದ ಕವಚ ಮಾಡುವುದೇ ಕಸುಬು. ನಾನು ಅವರನ್ನು ಮನಸ್ಸಿನಲ್ಲೇ ಮೇಷ್ಟ್ರು ಅಂತ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಶೆಡ್ಡಿನ ಒಳಗೆ ಕಾಲಿಟ್ಟ ತಕ್ಷಣ ತಾತನ ವಾಸನೆ. ಸುಟ್ಟ ಲೋಹ, ಎಣ್ಣೆ, ಮರದ ಹೊಟ್ಟು. ನಡುವೆ ಒಂದು ದೊಡ್ಡ ಮರದ ದಿಮ್ಮಿ. ಅದರ ನೆತ್ತಿಯಲ್ಲಿ ರುಬ್ಬುಗುಂಡಿನ ಕುಳಿಯ ಹಾಗೆ ಒಂದು ಕುಳಿ. ನಮ್ಮ ಹಟ್ಟಿಯಲ್ಲೂ ಹುಣಸೆ ದಿಮ್ಮಿಯಲ್ಲಿ ಅಂಥದ್ದೇ ಕುಳಿ ಇತ್ತು, ಮಕ್ಕಳು ನಾವು ಅದರಲ್ಲಿ ಮಳೆನೀರು ತುಂಬಿ ಆಡುತ್ತಿದ್ದೆವು. ಅದನ್ನು ಹೇಳಿದಾಗ ಮೇಷ್ಟ್ರು ನಕ್ಕು, ಮಾತಿಲ್ಲದೆ ಒಂದು ಗುಂಡುಮುಖದ ಸುತ್ತಿಗೆ ತೆಗೆದು ನನ್ನ ಕೈಗೆ ಕೊಟ್ಟರು.

ಆದರೆ ಸುತ್ತಿಗೆ ಕೆಲಸ ಶುರುವಾದದ್ದು ಮಧ್ಯಾಹ್ನದ ಮೇಲೆ. ಬೆಳಿಗ್ಗೆಯೆಲ್ಲ ಅಳತೆ. ನನ್ನ ಬಲಗೈ ಚಾಚಿಸಿ ಅಳೆದರು, ಮಡಿಸಿ ಅಳೆದರು, ಅರ್ಧ ಮಡಿಸಿ ಅಳೆದರು. ಮೊಣಕೈ ಮೂಳೆ ಮಡಿಸಿದಾಗ ಎಷ್ಟು ಹೊರಗೆ ಬರುತ್ತದೆ, ತೋಳಿನ ಮಾಂಸ ಎಷ್ಟು ಉಬ್ಬುತ್ತದೆ, ಅಂಗೈ ತಿರುಗಿಸಿದರೆ ಮುಂಗೈ ಎಷ್ಟು ದಪ್ಪವಾಗುತ್ತದೆ, ಎಲ್ಲ ಬರೆದುಕೊಂಡರು. ಒಳಗೆ ಹತ್ತಿ ತುಂಬಿದ ದಪ್ಪ ಅಂಗಿ ಹಾಕಿಸಿ ಮತ್ತೆ ಮೊದಲಿಂದ ಅಳೆದರು. "ಕವಚ ಕೂರುವುದು ಈ ಅಂಗಿಯ ಮೇಲೆ. ಚರ್ಮದ ಅಳತೆ ಇಟ್ಟುಕೊಂಡು ಬಡಿದರೆ ಕೈ ಮಡಿಸಿದ ಕೂಡಲೇ ರಕ್ತ ಕಟ್ಟುತ್ತದೆ," ಅಂದರು. ನಮ್ಮೂರಿನ ದರ್ಜಿ ಮದುವೆ ಕೋಟಿಗೂ ಇಷ್ಟು ಅಳೆದಿರಲಿಲ್ಲ.

ದಪ್ಪ ಕಾಗದದಲ್ಲಿ ಆಕಾರ ಕತ್ತರಿಸಿ, ಕೈಗೆ ಸುತ್ತಿ ನೋಡಿ, ಮತ್ತೆ ಕತ್ತರಿಸಿ, ನಾಲ್ಕನೇ ಕಾಗದಕ್ಕೆ ಸರಿ ಹೋಯಿತು. ಅದನ್ನು 18 ಗೇಜಿನ ತಗಡಿನ ಮೇಲಿಟ್ಟು ಗೆರೆ ಎಳೆದೆ. 1.2 ಮಿಲಿಮೀಟರ್ ದಪ್ಪ. ಕೈಕಾಲಿಗೆ ಇಷ್ಟು ಸಾಕು. ತಲೆಗೆ 14 ಗೇಜು, ಅಂದರೆ 2 ಮಿಲಿಮೀಟರ್ ಹತ್ತಿರ.

ನಾನು ಮಾಡಬೇಕಿದ್ದದ್ದು ಮೊಣಕೈ ಬಟ್ಟಲು. ತಗಡನ್ನು ಕುಳಿಯ ಮೇಲಿಟ್ಟು ಅಂಚಿನಿಂದ ಸುತ್ತು ಸುತ್ತಾಗಿ ನಡುವಿಗೆ ಬಡಿಯುತ್ತಾ ಬರಬೇಕು. ಕೈಬೀಸಿ ಹೊಡೆಯುವ ಹಾಗಿಲ್ಲ. ಸುತ್ತಿಗೆ ತನ್ನ ತೂಕಕ್ಕೆ ತಾನೇ ಬೀಳಬೇಕು. ಹತ್ತು ನಿಮಿಷಕ್ಕೆ ತಗಡಿನ ಅಂಚು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆ ಸೊಟ್ಟ ಮಡಿಕೆಯಾಗುವ ಮುಂಚೆಯೇ ಅದನ್ನು ಒಳಗೆ ತಳ್ಳಿ ಬಡಿದು ಮಲಗಿಸಬೇಕು. ಒಂದು ಸಲ ಮಡಿಕೆ ಬಿದ್ದರೆ ಅಲ್ಲೇ ಬಿರುಕು.

ಸದ್ದು ಕೇಳುತ್ತಾ ಹೊಡೆ ಅಂದರು ಮೇಷ್ಟ್ರು. ಮೊದಮೊದಲು ಸದ್ದು ಮಂದ, 'ಡಬ್ ಡಬ್'. ಹೊಡೆತ ತಿಂದು ತಿಂದು ಉಕ್ಕು ಗಡುಸಾಗುತ್ತಾ ಹೋದ ಹಾಗೆ 'ಟಣ್' ಅನ್ನತೊಡಗುತ್ತದೆ. ಆಗ ನಿಲ್ಲಿಸಿ, ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಮತ್ತೆ ಮೆತ್ತಗಾಗುತ್ತದೆ. ಇದು ನನಗೆ ಹೇಳಿಕೊಡದೇ ಗೊತ್ತಿತ್ತು. ತಾತ ಬೆಳಿಗ್ಗೆಯಿಂದ ಬಡಿಯುತ್ತಾ ಇದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿ "ಕೂಗ್ತಾ ಅದೆ, ಒಲೆಗಾಕು" ಅನ್ನುತ್ತಿದ್ದರು. ಯಾವುದು ಕೂಗುತ್ತದೆ ಅಂತ ಚಿಕ್ಕವನಿದ್ದಾಗ ನನಗೆ ಅರ್ಥವಾಗುತ್ತಿರಲಿಲ್ಲ. ನಲವತ್ತು ವರ್ಷ ಆದ ಮೇಲೆ, ಶೆಫೀಲ್ಡಿನ ಆ ಶೆಡ್ಡಿನಲ್ಲಿ, ನನ್ನ ಕೈಯಲ್ಲೇ ಅದು ಕೂಗಿತು.

ಸಂಜೆ ಹೊತ್ತಿಗೆ ನನ್ನ ಬಟ್ಟಲಿನ ನಡುಭಾಗ ತೀರಾ ತೆಳುವಾಗಿತ್ತು. ಒಂದೇ ಜಾಗಕ್ಕೆ ಜಾಸ್ತಿ ಹೊಡೆದಿದ್ದೆ. ಒಳಗಿಂದ ಬಡಿದರೆ ತಗಡು ಎಳೆದುಕೊಂಡು ತೆಳುವಾಗುತ್ತದೆ, ಅದೂ ಏಟು ಬೀಳುವ ಮೊಣಕೈ ತುದಿಯಲ್ಲೇ. ಮೇಷ್ಟ್ರು ಅಳತೆ ಕಡ್ಡಿ ಹಿಡಿದು ನೋಡಿ, ಅದನ್ನು ಪಕ್ಕಕ್ಕಿಟ್ಟು, "ನಾಳೆ ಹೊಸ ತಗಡು," ಅಂದರು. ಅವರ ಮಾತು ಸರಿ. ತೆಳುವಾದದ್ದನ್ನು ಮತ್ತೆ ದಪ್ಪ ಮಾಡಲು ಬರುವುದಿಲ್ಲ.

ಗುರುವಾರ, ಶೆಫೀಲ್ಡ್

ಇವತ್ತಿನದು ಕುಳಿಯಲ್ಲಿ ಅಲ್ಲ, ಗೂಟದ ಮೇಲೆ. ತಗಡನ್ನು ಉಕ್ಕಿನ ದುಂಡು ಗೂಟದ ಮೇಲೆ ಕವುಚಿ ಹೊರಗಿನಿಂದ ಬಡಿಯುವ ದಾರಿ. ಇದರಲ್ಲಿ ಲೋಹ ಹಿಗ್ಗುವುದಿಲ್ಲ, ಕುಗ್ಗುತ್ತದೆ. ದಪ್ಪ ಉಳಿಯುತ್ತದೆ. ಸಮಯ ಮೂರು ಪಟ್ಟು. ಹಳೇ ಕಾಲದ ಒಳ್ಳೊಳ್ಳೆ ಹೆಲ್ಮೆಟ್ಟುಗಳನ್ನು ಒಂದೇ ತುಂಡಿನಿಂದ ಹೀಗೇ ಎಬ್ಬಿಸಿದ್ದು. ಮಧ್ಯಾಹ್ನ ಮೂರಕ್ಕೆ ನನ್ನ ಬಟ್ಟಲು ರೂಪಕ್ಕೆ ಬಂತು. ನುಣುಪು ಸುತ್ತಿಗೆಯಿಂದ ಗುರುತುಗಳನ್ನು ತಟ್ಟಿ ತಟ್ಟಿ ಅಳಿಸಿದೆ.

ಆಮೇಲೆ ಅದಕ್ಕೆ ಮೇಲೊಂದು ಕೆಳಗೊಂದು ಪಟ್ಟಿ ಕೂರಿಸಬೇಕು, ಕೈ ಮಡಿಸಿದಾಗ ಜಾರುವ ಹಾಗೆ. ಇಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದನ್ನು ನಾನು ಸಾಯೋವರೆಗೂ ಮರೆಯುವುದಿಲ್ಲ. ಎರಡು ತಗಡಿನ ನಡುವೆ ಒಂದು ರಟ್ಟಿನ ಚೂರು ಇಟ್ಟು ರಿವೆಟ್ ಬಡಿಯಬೇಕು. ಆಮೇಲೆ ರಟ್ಟು ಕಿತ್ತು ತೆಗೆಯಬೇಕು. ರಟ್ಟಿನ ದಪ್ಪದಷ್ಟೇ ಸಡಿಲ ಉಳಿಯುತ್ತದೆ. ಅದೇ ಕೀಲು! ಬಿಗಿಯಾಗಿ ಹೊಡೆದಿದ್ದರೆ ಡಬ್ಬಿ. ರಟ್ಟಿನಷ್ಟು ಜಾಗ ಬಿಟ್ಟರೆ ಮೊಣಕೈ.

ಟೀ ಕುಡಿಯುವಾಗ ಒಬ್ಬ ಹುಡುಗ ಹೆಲ್ಮೆಟ್ ಹಿಡಿದು ಬಂದ. ಸ್ಯಾಲೆಟ್ ಅನ್ನುತ್ತಾರೆ ಅದಕ್ಕೆ, ಹಿಂದೆ ಬಾಲದ ಹಾಗೆ ಇಳಿಬಿದ್ದಿರುತ್ತದೆ. ಪೋಸ್ಟಿನಲ್ಲಿ ತರಿಸಿದ್ದನಂತೆ. ತಲೆ ಆಡಿಸಿದರೆ ಅದು ಬೇರೆ, ಇವನು ಬೇರೆ. ಒಳಗಡೆ ಸಣ್ಣ ಅಕ್ಷರದಲ್ಲಿ 'ಮೇಡ್ ಇನ್ ಇಂಡಿಯಾ'. ಮೇರಠ್, ಡೆಹ್ರಾಡೂನ್ ಕಡೆಯಿಂದ ಇಂಥ ಕವಚ ಯೂರೋಪಿಗೆಲ್ಲ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಮುಖ ಬಿಸಿಯಾಯಿತು.

ಮೇಷ್ಟ್ರು ಅದನ್ನು ತಿರುಗಿಸಿ, ಒಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದರು. "ಬಡಿದವನ ಕೈ ಚೆನ್ನಾಗಿದೆ. ಈ ಅಂಚು ನೋಡು, ಎಷ್ಟು ಸಮ. ಆದರೆ ಇದು ಯಾರ ತಲೆಗೆ ಅಂತ ಅವನಿಗೆ ಯಾರೂ ಹೇಳಿಲ್ಲ," ಅಂದರು. ಆಮೇಲೆ ಆ ಹುಡುಗನ ತಲೆ ಅಳೆದು, ಒಳಗಿನ ಮೆತ್ತೆ ಹೊಸದಾಗಿ ಹೊಲಿಸಿಕೊಳ್ಳಲು ಬರೆದುಕೊಟ್ಟರು.

ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಮ್ಮ ಕಡೆ ಕೈಗೆ ಬರವಿಲ್ಲ. ಮಧ್ಯಮ, ದೊಡ್ಡದು, ಅತಿ ದೊಡ್ಡದು ಅಂತ ಮೂರು ಸೈಜು ಬರೆದು ಆರ್ಡರ್ ಕಳಿಸುತ್ತಾರೆ, ನಮ್ಮವರು ಮಾಡಿಕೊಡುತ್ತಾರೆ. ಇದು ಏನು, ಯಾಕೆ, ಯಾವ ಕಡೆಯಿಂದ ಏಟು ಬೀಳುತ್ತದೆ ಅಂತ ಬಡಿಯುವವನಿಗೆ ತಿಳಿಸುವವರಿಲ್ಲ. ನನ್ನ ವರ್ಕ್‌ಶಾಪಿನಲ್ಲೂ ಹುಡುಗರಿಗೆ ನಾನು ಡ್ರಾಯಿಂಗ್ ಕೊಡುತ್ತೇನೆಯೇ ಹೊರತು ಆ ಬಾಕ್ಸು ಎಲ್ಲಿ ಹೋಗಿ ಕೂರುತ್ತದೆ ಅಂತ ಎಷ್ಟು ಸಲ ಹೇಳಿದ್ದೇನೆ?

ಶುಕ್ರವಾರ, ಟ್ಯೂಕ್ಸ್‌ಬರಿ

ಬೆಳಿಗ್ಗೆ ವ್ಯಾನಿಗೆ ಡೇರೆ, ಪೆಟ್ಟಿಗೆ, ಪಾತ್ರೆ ತುಂಬಿಕೊಂಡು ದಕ್ಷಿಣಕ್ಕೆ ಹೊರಟೆವು. ದಾರಿಯಲ್ಲಿ ಟ್ರಾಫಿಕ್, ಮಳೆ, ಮತ್ತೆ ಟ್ರಾಫಿಕ್.

ಟ್ಯೂಕ್ಸ್‌ಬರಿ ಸಣ್ಣ ಊರು. ಸೆವರ್ನ್ ಮತ್ತು ಏವನ್ ನದಿಗಳು ಸೇರುವ ಜಾಗ. ಬೇಸಿಗೆಯಲ್ಲಿ ಅಂಗಡಿ ಮನೆಗಳ ಮೇಲೆಲ್ಲ, ಹಿಂದೆ ಇಲ್ಲಿ ನಡೆದ ಒಂದು ಯುದ್ಧದಲ್ಲಿ ಕಾದಾಡಿದ ಮನೆತನಗಳ ಬಣ್ಣದ ಬಾವುಟಗಳು. ದಸರೆಗೆ ಸಿಂಗರಿಸಿದ ಹಾಗೆ ಇಡೀ ಬೀದಿ. ಪ್ರತಿ ಜುಲೈನಲ್ಲಿ ಇಲ್ಲಿ ಎರಡು ದಿನದ ಮಧ್ಯಯುಗದ ಹಬ್ಬ ನಡೆಯುತ್ತದೆ, ಆ ಯುದ್ಧವನ್ನು ಆಡಿ ತೋರಿಸುತ್ತಾರೆ.

ನಿಜವಾದ ಯುದ್ಧ 1471ರ ಮೇ 4ರದು. ಇಂಗ್ಲೆಂಡಿನ ಗದ್ದುಗೆಗೆ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ದಾಯಾದಿಗಳ ಹಾಗೆ ಬಡಿದಾಡುತ್ತಿದ್ದ ಕಾಲ. ಲ್ಯಾಂಕಾಸ್ಟರ್ ಕಡೆಯ ರಾಣಿ ಮಾರ್ಗರೆಟ್ ಸೈನ್ಯ ಸೆವರ್ನ್ ದಾಟಿ ವೇಲ್ಸ್‌ಗೆ ಹೋಗಲು ಹೊರಟಿತ್ತು. ಗ್ಲಾಸ್ಟರ್ ಊರಿನವರು ಬಾಗಿಲು ತೆರೆಯಲಿಲ್ಲ. ಹಿಂದೆಯೇ ಯಾರ್ಕ್ ಕಡೆಯ ರಾಜ ನಾಲ್ಕನೇ ಎಡ್ವರ್ಡ್ ಬೆನ್ನಟ್ಟಿ ಬಂದ. ಹಿಂದಿನ ದಿನ ಸುಡು ಬಿಸಿಲಿನಲ್ಲಿ ಅವನ ಸೈನ್ಯ ಐವತ್ತು ಕಿಲೋಮೀಟರ್ ನಡೆದಿತ್ತು. ದಾರಿಯಲ್ಲಿ ಸಿಕ್ಕಿದ್ದು ಒಂದೇ ಒಂದು ಹಳ್ಳ. ಗಾಡಿಗಳು ದಾಟಿದ ಮೇಲೆ ಅದೂ ಬರೀ ಕೆಸರು ಅಂತ ಆ ಕಾಲದವರೇ ಬರೆದಿಟ್ಟಿದ್ದಾರೆ.

ಊರಿನ ಅಬ್ಬೆಗೆ, ಅಂದರೆ ಹಿಂದೆ ಕ್ರೈಸ್ತ ಮಠವಾಗಿದ್ದ ಚರ್ಚಿಗೆ, ಹೋದೆವು. ರಾಣಿ ಮಾರ್ಗರೆಟ್ ಮಗ, ಇವನೂ ಎಡ್ವರ್ಡ್, ಯುದ್ಧದಲ್ಲಿ ಸತ್ತ. ಅವನನ್ನು ಇಲ್ಲೇ ಮಣ್ಣು ಮಾಡಿದ್ದು. ಹದಿನೇಳು ವರ್ಷ. ನೆಲದಲ್ಲಿ ಹಿತ್ತಾಳೆ ಫಲಕ ಇದೆ. ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ಗೆದ್ದವರ ಗುರುತಾದ ಚಿನ್ನದ ಸೂರ್ಯರು. ಸೋತ ಹುಡುಗನ ನೆತ್ತಿಯ ಮೇಲೆ ಅದನ್ನು ಕೂರಿಸಿದ್ದು ನನಗೆ ಹಿಡಿಸಲಿಲ್ಲ.

ಪುಟ್ಟ ನನಗೆ ತೋರಿಸಬೇಕು ಅಂತಿದ್ದದ್ದು ಬೇರೆ. ಪೂಜೆ ಸಾಮಾನು ಇಡುವ ಕೋಣೆಗೆ ಒಂದು ಹಳೇ ಬಾಗಿಲು ಇದೆ. ಅದರ ಒಳಮೈಗೆ ಕಬ್ಬಿಣದ ತಗಡುಗಳನ್ನು ಸಾಲಾಗಿ ಮೊಳೆ ಹೊಡೆದು ಕೂರಿಸಿದ್ದಾರೆ. ಯುದ್ಧಭೂಮಿಯಲ್ಲಿ ಆಯ್ದ ಕವಚದ ಚೂರುಗಳು ಅವು ಅಂತ ಊರಿನವರು ಹೇಳುತ್ತಾರೆ. ಚಪ್ಪಟೆಯಾಗಿ ಬಡಿದಿದ್ದರೂ ಅಲ್ಲಲ್ಲಿ ಮೊದಲಿನ ಬಾಗು ಉಳಿದಿದೆ. ಯಾರದೋ ಮೈಯ ಅಳತೆಗೆ ಅಂತ ಒಬ್ಬ ಎಬ್ಬಿಸಿದ್ದನ್ನು ಇನ್ನೊಬ್ಬ ಬಾಗಿಲಿನ ಅಳತೆಗೆ ತಟ್ಟಿದ್ದಾನೆ.

ರಾತ್ರಿ ಡೇರೆಗಳ ನಡುವೆ ಸೌದೆ ಉರಿ, ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಬಟಾಣಿ ಗಂಜಿ. ಅಕ್ಕ ಕಳಿಸಿದ್ದ ಚಟ್ನಿಪುಡಿ ಡಬ್ಬಿ ತೆಗೆದೆ. ಜನರಿಗೆ ಕಾಣುವ ಹೊತ್ತಿನಲ್ಲಿ ಆ ಕಾಲಕ್ಕೆ ಸೇರದ ವಸ್ತು ಹೊರಗಿಡಬಾರದು, ಸ್ಟೀಲ್ ಡಬ್ಬಿಯಂತೂ ಇಲ್ಲವೇ ಇಲ್ಲ. ರಾತ್ರಿಯಾದ್ದರಿಂದ ಪರವಾಗಿಲ್ಲ ಅಂದರು. ಬೆಳಗಾಗುವ ಮುಂಚೆಯೇ ಪುಡಿ ಖಾಲಿ.

ಶನಿವಾರ

ಪುಟ್ಟನಿಗೆ ಕವಚ ತೊಡಿಸುವ ಕೆಲಸ ನನ್ನದು. ಕವಚವನ್ನು ಒಬ್ಬನೇ ತೊಟ್ಟುಕೊಳ್ಳಲು ಆಗುವುದಿಲ್ಲ, ಜೊತೆಗೊಬ್ಬ ಬೇಕೇ ಬೇಕು. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಪಾದ, ಆಮೇಲೆ ಮೀನಖಂಡ, ತೊಡೆ. ತೊಡೆ ತಗಡನ್ನು ಒಳ ಅಂಗಿಗೆ ದಾರದಿಂದ ಕಟ್ಟಬೇಕು. ಆ ಅಂಗಿಯ ಕಂಕುಳಿಗೆ ಕಬ್ಬಿಣದ ಉಂಗುರಗಳ ಜಾಲರಿ ಹೊಲಿದಿರುತ್ತಾರೆ, ತಗಡು ಮುಚ್ಚಲಾಗದ ಸಂದಿಗೆ ಅಂತ. ಆಮೇಲೆ ಎದೆ, ಬೆನ್ನು, ತೋಳು, ಭುಜ. ಕೊನೆಗೆ ಗಂಟಲು ಗದ್ದ ಮುಚ್ಚುವ ಬೆವರ್, ಅದರ ಮೇಲೆ ಸ್ಯಾಲೆಟ್. ಬೆವರ್ ಅಂದ ತಕ್ಷಣ ನನಗೆ ನಮ್ಮ ಬೆವರೇ ನೆನಪಾದದ್ದು. ಸುಮ್ನೆ ಅಲ್ಲ, ಒಳಗೆ ಆಗುವುದೂ ಅದೇ.

ದಾರಕ್ಕೆ ಮೇಣ ಉಜ್ಜಿದ್ದರು. 15ನೇ ಶತಮಾನದ ಒಂದು ಇಂಗ್ಲಿಷ್ ಬರಹದಲ್ಲಿ ಇದೆಲ್ಲ ವಿವರವಾಗಿ ಇದೆಯಂತೆ. ದಾರ ಹಿಗ್ಗಬಾರದು, ಹರಿಯಬಾರದು, ಅದಕ್ಕೆ ಚಪ್ಪಲಿ ಹೊಲಿಯುವವರ ಮೇಣ ಹಚ್ಚು. ಮೊಣಕಾಲಿಗೆ ತೆಳು ಕಂಬಳಿ ಚೂರು ಸುತ್ತು, ತಗಡು ಉಜ್ಜದ ಹಾಗೆ. ಓದಿ ಬರೆದದ್ದಲ್ಲ ಅದು, ಮೊಣಕಾಲು ಕಿತ್ತುಹೋದವನೇ ಬರೆಸಿದ್ದಿರಬೇಕು ಅನಿಸಿತು. ಪುಟ್ಟನಿಗೂ ಕಂಬಳಿ ಸುತ್ತಿಯೇ ಕಟ್ಟಿದೆ.

ಇಪ್ಪತ್ತೈದು ನಿಮಿಷ ಹಿಡಿಯಿತು. ಕೊನೆಯ ಬಕಲ್ ಹಾಕಿ ಹಿಂದೆ ಸರಿದು ನೋಡಿದರೆ ನಾನು ಎತ್ತಿ ಆಡಿಸಿದ ಮಗು ಕಾಣಲಿಲ್ಲ. ಕಣ್ಣಿನ ಜಾಗದಲ್ಲಿ ಒಂದು ಕಪ್ಪು ಸೀಳು. "ಮಾವ, ಎಡಗಡೆ ಭುಜದ ದಾರ ಒಂದ್ಸಲ ನೋಡಿ," ಅಂತ ಒಳಗಿನಿಂದ ಅವನ ದನಿ ಬಂದಾಗ ಸಮಾಧಾನವಾಯಿತು.

ನನ್ನ ಪಾಲಿನದು ನೀರು. ನಾರಿನ ಅಂಗಿ, ಉಣ್ಣೆ ಮೇಲಂಗಿ ಹಾಕಿಕೊಂಡು, ಹೂಜಿ ಹಿಡಿದು, ಸೈನಿಕರ ಹಿಂದೆ ನಿಲ್ಲುವುದು. ಕತ್ತಿಗಳ ಅಂಚು ಮೊಂಡು, ಬಾಣದ ತುದಿಗೆ ರಬ್ಬರ್. ಮುಖಕ್ಕೆ ತಿವಿಯುವಂತಿಲ್ಲ. ಹೀಗಿದ್ದರೂ ಸಾವಿರಾರು ಜನ ನೋಡುತ್ತಿರುವಾಗ ಎರಡು ಸಾಲು ಒಂದಕ್ಕೊಂದು ಡಿಕ್ಕಿ ಹೊಡೆದ ಸದ್ದು ಇದೆಯಲ್ಲ, ಪಾತ್ರೆ ಅಂಗಡಿಯ ಗೋಡೆ ಕುಸಿದ ಹಾಗೆ. ಫಿರಂಗಿ ಹೊಗೆಗೆ ಕಣ್ಣು ಉರಿಯಿತು.

ಅವತ್ತು ಮೂವತ್ತು ಡಿಗ್ರಿ. ನಮಗೆ ಅದು ಬಿಸಿಲೇ ಅಲ್ಲ. ಉಕ್ಕಿನೊಳಗೆ, ಹತ್ತಿ ಅಂಗಿಯೊಳಗೆ ಇದ್ದವರಿಗೆ ಅದು ಒಲೆ. ಹದಿನೈದು ನಿಮಿಷಕ್ಕೆ ಒಬ್ಬೊಬ್ಬರಾಗಿ ಹಿಂದೆ ಬರತೊಡಗಿದರು. ಬೆವರ್‌ನ ಮೇಲಿನ ತಗಡು ಕೆಳಗಿಳಿಸಿ ಬಾಯಿಗೆ ನೀರು ಹಿಡಿಯಬೇಕು, ಅವರ ಕೈಗವಸಿಗೆ ಲೋಟ ಹಿಡಿಯಲು ಬರುವುದಿಲ್ಲ. ಗಂಟಲು ಗುಟುಗುಟು ಅನ್ನುವುದು ಕೇಳಿಸುತ್ತದೆ. ಯಾರೂ ಮಾತಾಡುವುದಿಲ್ಲ, ತಲೆ ಆಡಿಸಿ ಮತ್ತೆ ಹೊರಡುತ್ತಾರೆ. ಒಬ್ಬ ದೊಡ್ಡ ಆಳು ನೀರು ಕುಡಿದು ನನ್ನ ಭುಜದ ಮೇಲೆ ಉಕ್ಕಿನ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. ಕೆಸರಾದ ಆ ಒಂದೇ ಹಳ್ಳ ನೆನಪಾಯಿತು. ನಿಜವಾದ ದಿನ ಈ ಹೂಜಿ ಹಿಡಿದು ನಿಂತವನು ಯಾರಾದರೂ ಇದ್ದನಾ?

ಎಡ್ವರ್ಡ್ ರಾಜ ಕಾಡಿನಲ್ಲಿ ಬಚ್ಚಿಟ್ಟಿದ್ದ 200 ಈಟಿಯವರು ಪಕ್ಕದಿಂದ ನುಗ್ಗಿದ್ದು, ಲ್ಯಾಂಕಾಸ್ಟರ್ ಸಾಲು ಮುರಿದದ್ದು, ಎಲ್ಲ 1471ರಲ್ಲಿ ಆದ ಹಾಗೇ ಆಡಿದರು. ಸೋತವರು ಓಡಿ ಸತ್ತ ಹುಲ್ಲುಗಾವಲಿಗೆ ಈಗಲೂ 'ರಕ್ತದ ಹುಲ್ಲುಗಾವಲು' ಅಂತಲೇ ಹೆಸರು. ಕೊನೆಯಲ್ಲಿ ಸತ್ತವರಿಗಾಗಿ ಎಲ್ಲರೂ ಹೆಲ್ಮೆಟ್ ತೆಗೆದು ಸುಮ್ಮನೆ ನಿಂತರು.

ಭಾನುವಾರ

ಗುಂಪಿನ ಹಿರಿಯರೊಬ್ಬರಿಗೆ ನಿನ್ನೆ ಮೊಣಕಾಲು ಉಳುಕಿತ್ತು. ಎತ್ತರ, ಹೊಟ್ಟೆ, ಭುಜ ಎಲ್ಲ ಸುಮಾರು ನನ್ನ ಹಾಗೇ. "ಇವತ್ತು ನನ್ನದನ್ನು ನೀನು ಹಾಕಿ ನೋಡು," ಅಂದರು. ಹೊಡೆದಾಟಕ್ಕಲ್ಲ, ಡೇರೆಗಳ ನಡುವೆ ಓಡಾಡುವುದಕ್ಕೆ. ಇದಕ್ಕೂ ಮುಂಚೆ ಗುಂಪಿನ ಒಂದು ಹೆಚ್ಚುವರಿ ಎದೆಗವಚ ಹಾಕಿ ನೋಡಿದ್ದೆ. ಅದರ ನಡು ನನ್ನ ನಡುವಿಗಿಂತ ನಾಲ್ಕು ಬೆರಳು ಕೆಳಗಿತ್ತು. ಬಗ್ಗಿದರೆ ಹೊಟ್ಟೆಗೆ ಒತ್ತುತ್ತಿತ್ತು, ಭಾರವೆಲ್ಲ ಹೆಗಲಿಗೆ. ಹತ್ತು ನಿಮಿಷಕ್ಕೆ ಸಾಕಾಗಿ ಬಿಚ್ಚಿದ್ದೆ.

ಇದು ಹಾಗಲ್ಲ. ಪುಟ್ಟ ಬಕಲ್ ಎಳೆದು ಬಿಗಿದಾಗ ಕಬ್ಬಿಣ ನನ್ನ ಸೊಂಟದ ಮೇಲೆ ಕೂತಿತು. ಹೆಗಲಿಗೆ ಏನೂ ಇಲ್ಲ. ಚಿಕ್ಕ ಮಗು ಕಂಕುಳಲ್ಲಿ ಕೂತ ಹಾಗೆ. ಒಟ್ಟು 24 ಕೆಜಿ ಅಂದರು, ನಮ್ಮ ಅರ್ಧ ಮೂಟೆ ಸಿಮೆಂಟು. ಕೂತೆ, ಎದ್ದೆ. ನೆಲದ ಮೇಲೆ ಮಲಗಿ ಒಬ್ಬನೇ ಎದ್ದು ನಿಂತೆ. ಬಲಗೈಗೆ ಅವರ ಮೊಣಕೈ ಬಟ್ಟಲು ಬಿಚ್ಚಿ, ಶೆಫೀಲ್ಡಿನಲ್ಲಿ ನಾನು ಮಾಡಿದ್ದನ್ನೇ ಪುಟ್ಟ ಕಟ್ಟಿದ. ಕೈ ಮಡಿಸಿದೆ. ಪಟ್ಟಿಗಳು ಒಂದರ ಕೆಳಗೊಂದು 'ಕ್ಲಿಕ್ ಕ್ಲಿಕ್' ಅಂತ ಜಾರಿದವು. ರಟ್ಟಿನಷ್ಟು ಜಾಗ. ಹತ್ತು ಸಲ ಮಡಿಸಿ ಚಾಚಿದೆ, ಆ ಸದ್ದು ಕೇಳುವುದಕ್ಕೇ.

ಹೆಲ್ಮೆಟ್ ಹಾಕಿದ ಮೇಲೆ ಮಾತ್ರ ಲೋಕ ಬದಲಾಯಿತು. ಎದುರಿಗೆ ಒಂದು ಅಂಗುಲದ ಸೀಳಿನಷ್ಟು ಬೆಳಕು. ನನ್ನ ಪಾದ ನನಗೆ ಕಾಣುವುದಿಲ್ಲ. ಹೊರಗಿನ ಮಾತು ಬಾವಿಯೊಳಗಿನಿಂದ ಬಂದ ಹಾಗೆ. ನನ್ನ ಉಸಿರು ಮಾತ್ರ ದೊಡ್ಡದಾಗಿ ಕೇಳುತ್ತದೆ. ಸಣ್ಣ ಏರು ಹತ್ತಿದೆ, ಐವತ್ತು ಹೆಜ್ಜೆ ಇರಬಹುದು. ಲೀಡ್ಸ್‌ನ ಪ್ರಯೋಗ ಏನು ಹೇಳಿತ್ತು ಅಂತ ತೊಡೆಗಳಿಗೆ ಆಗ ಅರ್ಥವಾಯಿತು. ದೊಡ್ಡ ಉಸಿರು ಎಳೆಯಲು ಹೋದರೆ ಎದೆ ತಗಡಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಸಣ್ಣ ಸಣ್ಣ ಉಸಿರು ತಗೊಂಡು ನಿಂತೆ. ಭಯ ಆಯಿತು. ಹದಿನೇಳು ವರ್ಷದ ಆ ಹುಡುಗ ಇದನ್ನು ತೊಟ್ಟು, ಕೆಳಗಿನ ಹೊಲದಲ್ಲಿ, ಇಷ್ಟೇ ಬೆಳಕಿನ ಸೀಳಿನಲ್ಲಿ ಕೊನೆಗೆ ಏನು ಕಂಡನೋ.

ಸಂಜೆ ಎಲ್ಲರೂ ಕೂತು ಕವಚ ಒರೆಸಿದೆವು. ಬೆವರಿನ ಉಪ್ಪು ಒಂದು ರಾತ್ರಿ ಕೂತರೆ ಬೆಳಿಗ್ಗೆಗೆ ತುಕ್ಕು. ಒಣ ಬಟ್ಟೆ, ಆಮೇಲೆ ಎಣ್ಣೆ ಬಟ್ಟೆ, ಒಳಗೂ ಹೊರಗೂ, ರಿವೆಟ್ಟಿನ ಸಂದಿಗೂ. ಹಿರಿಯರಿಗೆ ಅವರ ಕವಚ ಹಿಂತಿರುಗಿಸುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

ಬುಧವಾರ, ಪೀಣ್ಯ

ಸೋಮವಾರ ವಿಮಾನ, ಮಂಗಳವಾರ ಮನೆ, ನಿದ್ದೆ. ಬುಧವಾರ ವರ್ಕ್‌ಶಾಪಿಗೆ ಹೋದವನು ಮೊಣಕೈ ಬಟ್ಟಲನ್ನು ಟೇಬಲ್ ಮೇಲಿಟ್ಟೆ. ಟೀ ಹೊತ್ತಿಗೆ ಹುಡುಗರೆಲ್ಲ ಸುತ್ತ ನಿಂತರು. ನಮ್ಮ ಹಳೇ ವೆಲ್ಡರ್ ಅದನ್ನು ಎತ್ತಿ, ರಿವೆಟ್ ನೋಡಿ, ಬೆಳಕಿಗೆ ಹಿಡಿದು, ತನ್ನ ಬಲಗೈಗೆ ತೊಟ್ಟ. ಕೈ ಮಡಿಸಲು ಹೋದ, ಅರ್ಧಕ್ಕೆ ನಿಂತಿತು.

"ಸಾರ್, ಇದು ನನಗೆ ಬಿಗಿ. ಯಾರಿಗೆ ಅಂತ ಮಾಡಿದ್ದು?"

ಕೂರಿಸಿಕೊಂಡು ಎಲ್ಲ ಹೇಳಿದೆ. ಆನೆ, ಬಾಗಿಲು, ರಟ್ಟಿನ ಚೂರು, ಪೋಸ್ಟಿನಲ್ಲಿ ಬಂದ ಆ ಹೆಲ್ಮೆಟ್ಟು. ಮಷೀನು ಶುರುಮಾಡುವುದು ಅರ್ಧ ಗಂಟೆ ತಡವಾಯಿತು. ಆಮೇಲೆ ಅವನು ಎದ್ದು ಸ್ಟೋರಿನಿಂದ ಟೇಪು ತಂದು, ಅಂಗಿ ತೋಳು ಮಡಚಿ, ಕೈ ನನ್ನ ಮುಂದೆ ಚಾಚಿದ. ನಾನು ಮೊದಲು ಚಾಚಿಸಿ ಅಳೆದೆ. ಆಮೇಲೆ ಮಡಿಸಿ ಅಳೆದೆ.